ನಲವತ್ತೆಂಟು ಸಾವಿರದ ಆರುನೂರು

ಗೋಡೆ ಗಡಿಯಾರ ನಿಂತಿತೆಂದು ಟೈಲರ್ ತಮ್ಮ ಹೆಂಡತಿಯ ಆಟದ ಡಬ್ಬಿಯಿಂದ ಒಂದೇ ಒಂದು ಸೆಲ್ ಕಿತ್ತರು. ಮನಸ್ಸು ಚುಚ್ಚಿ ತಿರುಗಿ ಹಾಕಿ ಗುಂಡಿ ಒತ್ತಿದರೆ, ಅವಳ ದಾಖಲೆ ಇದ್ದ ಜಾಗದಲ್ಲಿ ಕೋಳಿಮೊಟ್ಟೆಯಂಥ ಸೊನ್ನೆ! ಸೆಲ್ ಕಿತ್ತರೆ ಅಂಕವೂ ಕಿತ್ತುಹೋಗುತ್ತದೆಂದು ಯಾರು ಕಂಡಿದ್ದರು?

ಮೇಲಿಂದ ಇಟ್ಟಿಗೆ ಬೀಳುತ್ತವೆ, ಸಾಲು ತುಂಬಿದರೆ ಮಾಯ. ಅಷ್ಟೇ ಆ ಡಬ್ಬಿಯ ಆಟ. ಅದಾದ ಮೇಲೆ ಮಗಳು ತಂದ ಮಡಚುವ ಆಟದ ಯಂತ್ರದ ಕುತ್ತಿಗೆ ಮುರಿಯಿತು. ಬಣ್ಣದ ಪರದೆಯದು ಚಾರ್ಜು ಕುಡಿಯಲೊಲ್ಲದೆ ಕಣ್ಮುಚ್ಚಿತು. ಅಳಿಯ ತಂದ ಹಲಗೆಯಷ್ಟು ದೊಡ್ಡದು ಆಡುವ ಮೊದಲೇ ‘ಅಪ್‌ಡೇಟ್’ ಎಂದು ಮಲಗಿಬಿಟ್ಟಿತು. ಈ ಮುದಿ ಡಬ್ಬಿ ಮಾತ್ರ ಬೆನ್ನಿಗೆ ಟೇಪು ಸುತ್ತಿಕೊಂಡು ಇಪ್ಪತ್ತೈದು ವರ್ಷದಿಂದ ಗುಂಡುಕಲ್ಲಿನಂತಿದೆ. (ಗಂಡ ಅದಕ್ಕಿಂತ ಹಳಬ, ಆರೈಕೆ ಮಾತ್ರ ಅಷ್ಟಿಲ್ಲ.)

ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದ ಹೆಂಡತಿಯ ದಾಖಲೆ ನಲವತ್ತೆಂಟು ಸಾವಿರದ ಆರುನೂರು. ನಂಬದ ತಂಗಿಗೆ ಕಣ್ಣಾರೆ ತೋರಿಸುತ್ತೇನೆಂದು ಅವಳನ್ನು ಕರೆತರಲು ಸ್ಟೇಷನ್ನಿಗೆ ಹೋಗಿದ್ದಾಳೆ. ಉಳಿದದ್ದು ಎರಡೇ ಗಂಟೆ.

ಅಷ್ಟೇ ಅಂಕ ಮತ್ತೆ ಕಟ್ಟಿಬಿಟ್ಟರೆ ಗೊತ್ತಾಗುವುದು ಯಾರಿಗೆ? ಟೈಲರ್ ಕೂತೇಬಿಟ್ಟರು. ಹುಲಿ ಬೆನ್ನಟ್ಟಿದವನಿಗೆ ಓಟ ಕಲಿಸಬೇಕೇ? ಮೂರು ಆಟ ಮಣ್ಣುಪಾಲಾದವು. ನಾಲ್ಕನೆಯದರಲ್ಲಿ ಇಟ್ಟಿಗೆಗಳು ಕತ್ತರಿಸಿದ ಬಟ್ಟೆಯ ತುಂಡುಗಳಂತೆ ಒಂದಕ್ಕೊಂದು ಕೂಡಿಕೊಂಡವು. ಅಂಕ ನಲವತ್ತೆಂಟು ಸಾವಿರ ದಾಟಿತು. ಇನ್ನೇನು ಮುಟ್ಟಬೇಕು, ಗೇಟು ಕಿರ್ರೆಂದಿತು! ಬೆಚ್ಚಿದ ಬೆರಳು ಗುಂಡಿ ಅದುಮಿತು. ನಾಲ್ಕು ಸಾಲು ಒಮ್ಮೆಗೇ ಕರಗಿ ನಲವತ್ತೊಂಬತ್ತು ಸಾವಿರವಾಯಿತು. ಆಟವನ್ನು ಅಲ್ಲಿಗೇ ಕೆಡಿಸಿ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ತಂಗಿ ಒಳಗೆ ಬಂದವಳೇ ಅದನ್ನೆತ್ತಿಕೊಂಡಳು. “ಅಕ್ಕಾ, ಕಮ್ಮಿ ಹೇಳಿದ್ಯಲ್ಲೇ! ನಲವತ್ತೊಂಬತ್ತು ಸಾವಿರ ಇದೆ.”

“ಅದು ನಂದಲ್ಲ.” ಹೆಂಡತಿಯ ನೋಟ ಕನ್ನಡಕದ ಮೇಲಿನಿಂದ ಬಂತು. “ರೀ, ಯಾರು ಆಡಿದ್ದು?”

“ನಾನೇ ಕಣೇ. ಸೆಲ್ ಕಿತ್ತೆ, ನಿಂದು ಹೋಯ್ತು. ಕಟ್ಟಿಕೊಡೋಣ ಅಂತ ಹೋದೆ, ಜಾಸ್ತಿ ಆಗೋಯ್ತು. ತಪ್ಪಾಯ್ತು.”

ಸಿಡಿಲು ಬೀಳಲಿಲ್ಲ. ಟೈಲರರಿಗೆ ಅದಕ್ಕೇ ಇನ್ನೂ ಹೆದರಿಕೆಯಾಯಿತು.

“ಎರಡೇ ಗಂಟೇಲಿ ಇಷ್ಟು ಮಾಡಿದ್ರಾ?”

“ಹೂಂ,” ಎಂದರು, ತುಸು ಉಬ್ಬಿ.

“ಭಾವನ ಕಣ್ಣು ಎಷ್ಟು ಚುರುಕು! ಬೆರಳೂ ಅಷ್ಟೇ,” ಎಂದಳು ತಂಗಿ.

“ಹೌದಲ್ವಾ?” ಹೆಂಡತಿ ಮೆಲ್ಲಗೆ ಕೇಳಿದಳು. “ಹಾಗಾದ್ರೆ ಕಣ್ಣು ಮಂಜು, ಕೈ ನಡುಕ ಅಂತ ಹತ್ತು ವರ್ಷದಿಂದ ಒಂದು ಈರುಳ್ಳಿ ಹೆಚ್ಚದೆ ಕೂತಿದ್ರಲ್ಲ, ಅದೇನು?”

ಟೈಲರ್ ಕೈ ಮುಂದೆ ಚಾಚಿ ನಡುಗಿಸಲು ನೋಡಿದರು. ಹಾಳು ಕೈ, ಬೇಕೆಂದಾಗ ಕಂಬದಂತೆ ನೆಟ್ಟಗೆ ನಿಂತಿತು.

ಹೆಂಡತಿ ಆ ಕೈಯಲ್ಲಿ ಚಾಕು ಇಟ್ಟಳು.