ಬಾಗಿಲ ಪಕ್ಕದ ಕುರ್ಚಿ

ಯಮ ಬಂದು ನಮ್ಮ ಓರಗಿತ್ತಿಯ ಮನೆ ಮುಂದೆ ನಿಂತ ಅನ್ನಿ. ಅವಳು ಹೆದರುವ ಪೈಕಿ ಅಲ್ಲ. ಕೋಣ ದಾರಿಗೆ ಅಡ್ಡ ಆಯ್ತದೆ, ಮೊದಲು ಅದನ್ನು ಪಕ್ಕಕ್ಕೆ ಕಟ್ಟು ಅನ್ನುತ್ತಾಳೆ. ಆಮೇಲೆ ಪರ್ಮಿಷನ್ ಎಲ್ಲಿ ಅಂತ ಕೇಳುತ್ತಾಳೆ. ಯಮ ತಂದಿರುವುದಿಲ್ಲ. ವಾಪಸ್ ಹೋಗಬೇಕು. ಹಾಗಾಗಿ ಅವಳು ಇನ್ನೂ ಬಹಳ ವರ್ಷ ಇರುತ್ತಾಳೆ ಅಂತ ನನ್ನ ಅಂದಾಜು.

ಓರಗಿತ್ತಿ ಅಂದರೆ ನನ್ನ ಮೈದುನನ ಹೆಂಡತಿ. ಭೀಮನಬೀಡಿನಲ್ಲಿ ನಮ್ಮೆರಡು ಮನೆಗೂ ನಡುವೆ ಒಂದೇ ಗೋಡೆ. ಮೊದಲು ಇವಳು ಹೀಗಿರಲಿಲ್ಲ. ಒಂದು ಸಲ ಪಂಚಾಯ್ತಿ ಮೆಂಬರ್ ಆದಳು. ಮೆಂಬರುಗಳನ್ನೆಲ್ಲ ಚಾಮರಾಜನಗರಕ್ಕೆ ಕರೆಸಿ, ಜನ ಸೇರುವ ಕಾರ್ಯಕ್ರಮ ಹೇಗೆ ಮಾಡಬೇಕು, ಯಾವುದಕ್ಕೆ ಯಾರ ಅಪ್ಪಣೆ ಬೇಕು ಅಂತ ತರಬೇತಿ ಕೊಟ್ಟರು. ಮಿಕ್ಕವರು ಉಂಡರು, ತೂಕಡಿಸಿದರು, ಕೊಟ್ಟ ಬ್ಯಾಗು ತಗೊಂಡು ಬಂದರು. ಇವಳೊಬ್ಬಳು ಕೇಳಿಸಿಕೊಂಡು ಬಂದಳು. ಕೆಟ್ಟಿದ್ದು ಅಲ್ಲೇ. ಮೆಂಬರಿಕೆ ಮುಗಿದು ಎಷ್ಟೋ ಕಾಲವಾಯಿತು, ತರಬೇತಿ ಮಾತ್ರ ಇನ್ನೂ ಮುಗಿದಿಲ್ಲ.

ಅವಳು ಯಾರಿಗೆ ಏನಾದರೂ ಮಾಡಿಕೊಳ್ಳಲಿ. ನನಗೂ ಅವಳಿಗೂ ಇರುವ ಜಗಳ ಒಂದೇ, ಕುರ್ಚಿ. ಅವಳು ಮೇಲ್ವಿಚಾರಣೆ ಮಾಡುವ ಯಾವ ಕಾರ್ಯಕ್ರಮಕ್ಕೆ ಹೋದರೂ ನನ್ನನ್ನು ಕಟ್ಟಕಡೆಯ ಸಾಲಿನಲ್ಲಿ, ಬಾಗಿಲ ಪಕ್ಕ ಕೂರಿಸುತ್ತಾಳೆ. ನಾನು ನಮ್ಮ ಮನೆತನದ ಹಿರಿಸೊಸೆ. ಮಂಡಿ ಹೋಗಿದೆ, ಕೋಲು ಊರಿಕೊಂಡು ನಡೆಯುತ್ತೇನೆ. ಒಂದು ಕಣ್ಣು ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು. ಇಂಥವಳನ್ನು ಚಪ್ಪಲಿ ಬಿಡುವ ಜಾಗದಲ್ಲಿ ಕೂರಿಸುವುದು ಯಾವ ಊರಿನ ಮರ್ಯಾದೆ?

ಪಕ್ಕದ ಮನೆಯ ನಿಶ್ಚಿತಾರ್ಥದ ಕಥೆ ಕೇಳಿ. ಬೀದಿಗೆ ಅಡ್ಡಲಾಗಿ ಶಾಮಿಯಾನ ಹಾಕಿದ್ದರು. ನಮ್ಮ ಕಡೆ ಹಾಕುವುದೇ ಹಾಗೆ. ಇವಳು ಹೋಗಿ, ಆಂಬುಲೆನ್ಸು ಎಲ್ಲಿಂದ ಬರ್ಬೇಕು ಅಂತ ಅರ್ಧ ಬಿಚ್ಚಿಸಿದಳು. ಬೀಗರಲ್ಲಿ ಅರ್ಧ ಜನ ಬಿಸಿಲಲ್ಲಿ ಕೂತರು. ಅಡುಗೆ ಒಲೆಯ ಹತ್ತಿರ ಬಕೆಟ್ಟಿನಲ್ಲಿ ಮರಳು ತುಂಬಿಸಿ ಇಟ್ಟಳು, ಬೆಂಕಿ ಬಿದ್ದರೆ ಎರಚೋಕೆ. ಬೀಗರು ಉಂಡು ಎದ್ದು ಎಲೆಅಡಿಕೆ ಹಾಕಿಕೊಂಡರು, ಉಗಿಯೋಕೆ ಎಷ್ಟು ಅನುಕೂಲ ಮಾಡವ್ರೆ ಅಂತ ಹೊಗಳಿದರು. ಆಮೇಲೆ ಬೆಂಕಿ ಬಿದ್ದಿದ್ದರೂ ಆ ಮರಳನ್ನು ಯಾರೂ ಕೈಯಲ್ಲಿ ಮುಟ್ಟುವಂತಿರಲಿಲ್ಲ.

ಇನ್ನೊಂದು ಸಲ ಯಾರದೋ ಗೃಹಪ್ರವೇಶದ ಮೈಕಿಗೆ ಅಪ್ಪಣೆ ಬೇಕು ಅಂತ ಪೊಲೀಸು ಠಾಣೆಗೆ ಹೊರಟಳು. ಜೊತೆಗೆ ನನ್ನನ್ನೂ ಎಳೆದುಕೊಂಡು ಹೋದಳು. ಅಲ್ಲಿದ್ದ ಪೊಲೀಸಪ್ಪ ಒಳ್ಳೆಯವನು.

"ಅವ್ವಾ, ಮನೆ ಒಳಗಡೆ ಸಣ್ಣ ಮೈಕು, ಹಗಲೊತ್ತು. ಇದಕ್ಕೆಲ್ಲ ಏನೂ ಬೇಡ, ಹೋಗ್ಬನ್ನಿ" ಅಂದ.

"ಬ್ಯಾಡ ಅಂತ ಬರ್ದುಕೊಡಿ" ಅಂದಳು ಇವಳು.

"ಬೇಡ ಅನ್ನೋದನ್ನ ಹೆಂಗವ್ವ ಬರ್ಕೊಡೋದು?"

"ಬೇಕು ಅನ್ನದ್ನ ಬರೀತೀರಲ್ಲ, ಅಂಗೇಯ."

ಬೆಂಚಿನ ಮೇಲೆ ಕೂತೇ ಬಿಟ್ಟಳು. ಅವನು ತಲೆ ಕೆರೆದುಕೊಂಡ, ಇನ್ನೊಬ್ಬನನ್ನು ಕರೆದ, ಅವನು ಮತ್ತೊಬ್ಬನಿಗೆ ಫೋನು ಮಾಡಿದ. ಬೇಡ ಅಂತ ಬರೆಯುವ ದಾರಿ ಯಾರಿಗೂ ತಿಳಿಯಲಿಲ್ಲ. ಕೊನೆಗೆ ಬೇಕು ಅಂತಲೇ ಅವಳಿಂದ ಅರ್ಜಿ ಬರೆಸಿಕೊಂಡು, ಅಪ್ಪಣೆ ಕೊಟ್ಟೇ ಕಳಿಸಿದರು.

ಹೋದ ವರ್ಷದ್ದು ಇನ್ನೂ ಚೆಂದ. ನಮ್ಮ ಹೆಂಗಸರ ಸಂಘದ ವಾರ್ಷಿಕೋತ್ಸವ, ಗುಂಡ್ಲುಪೇಟೆಯ ಒಂದು ಛತ್ರದಲ್ಲಿ. ಛತ್ರ ಎಷ್ಟು ಜನ ಹಿಡಿಯುತ್ತದೋ ಅಷ್ಟು ಜನ ಬಂದ ತಕ್ಷಣ ಇವಳು ಬಾಗಿಲು ಹಾಕಿಸಿದಳು. ಆಗ ಮುಖ್ಯ ಅತಿಥಿ ಬಂದ, ಹಾರ ತುರಾಯಿಯ ಲೀಡರು.

"ನಾನ್ಯಾರು ಗೊತ್ತೇನಮ್ಮ?"

"ಗೊತ್ತು ಸ್ವಾಮಿ. ಒಳಗಿರೋರು ಇಬ್ರು ಆಚೆ ಬರ್ಲಿ, ನೀವೂ ನಿಮ್ಮೋರೊಬ್ರೂ ಒಳಕ್ಕೋಗಿ."

ಒಳಗಿಂದ ಯಾರು ಬರುತ್ತಾರೆ? ಊಟದ ಹೊತ್ತು. ಲೀಡರು ಹೊಸ್ತಿಲಲ್ಲೇ ನಿಂತು ಎರಡು ಮಾತಾಡಿ ಹೊರಟ. ಅಷ್ಟು ಚಿಕ್ಕ ಭಾಷಣವನ್ನು ಆ ಛತ್ರ ಕಂಡಿರಲಿಲ್ಲ, ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದರು. ಇದನ್ನೆಲ್ಲ ನಾನು ಚೆನ್ನಾಗಿ ನೋಡಿದೆ. ಬಾಗಿಲ ಪಕ್ಕವೇ ಕೂತಿದ್ದೆನಲ್ಲ.

ಆದರೆ ಈ ವರ್ಷ ನನಗೆ ಬಾಗಿಲು ನೋಡುವ ಆಸೆ ಇರಲಿಲ್ಲ. ನನ್ನ ಮಗಳ ಮಗಳು ಕಂಸಾಳೆ ಕಲಿತಿದ್ದಳು. ಹಿತ್ತಾಳೆ ತಾಳ ಬೀಸಿಕೊಂಡು ಕುಣಿಯುವುದು, ನಮ್ಮ ಕಾಲದಲ್ಲಿ ಗಂಡಸರದ್ದು. ಹೆಣ್ಣುಮಕ್ಕಳ ತಂಡ ಮೊದಲ ಸಲ, ಸಂಘದ ವಾರ್ಷಿಕೋತ್ಸವಕ್ಕೆ, ಅದೇ ಛತ್ರದಲ್ಲಿ ಕುಣಿಯುವುದಿತ್ತು. ಓರಗಿತ್ತಿ ವಾರಗಟ್ಟಲೆ ಅಲೆದಳು. ಪೊಲೀಸರ ಅಪ್ಪಣೆ, ಕರೆಂಟಿನವರ ಅಪ್ಪಣೆ, ಅಗ್ನಿಶಾಮಕದವರ ಅಪ್ಪಣೆ. ಕಾಡಂಚಿನ ಮದ್ದೂರು ಕಡೆಯ ಹೆಂಗಸರು ಕತ್ತಲಾಗಿ ಆನೆ ದಾರಿಗೆ ಇಳಿಯುವುದರೊಳಗೆ ಊರು ಸೇರಬೇಕು ಅಂತ ಮಧ್ಯಾಹ್ನಕ್ಕೇ ಶುರು ಮಾಡಿಸಿದಳು.

"ಆನೆದೂ ಅಪ್ಪಣೆ ತಂದಾ?" ಅಂದೆ.

"ಅದು ಕೊಡಕಿಲ್ಲ ಅಂತಲೇ ಅಕ್ಕ ಬೇಗ ಮುಗಿಸ್ತಿರದು" ಅಂದಳು. ನಗಲಿಲ್ಲ.

"ಈ ಸಲ ನಂಗೆ ಮುಂದಿನ ಸಾಲು ಕಣಮ್ಮಿ. ನಂಗೆ ದೂರದ್ದು ಕಾಣಕಿಲ್ಲ."

"ಆಗಕಿಲ್ಲ."

ನಾನು ಅವಳ ಮಾತು ಕೇಳಲಿಲ್ಲ. ಬೇಗ ಹೋಗಿ ಮುಂದಿನ ಸಾಲಿನ ನಡುವೆ ಕೂತೆ. ಮಕ್ಕಳು ಗೆಜ್ಜೆ ಕಟ್ಟಿ ವೇದಿಕೆಗೆ ಬಂದರು. ಇವಳು ಮೈಕು ಹಿಡಿದು, "ಮುಂದಿನ ಸಾಲಲ್ಲಿರೋ ನಮ್ಮಕ್ಕ ಎದ್ದು ಅವಳ ಜಾಗಕ್ಕೆ ಹೋಗೋಗಂಟ ಕುಣಿತ ಸುರು ಆಗಕಿಲ್ಲ" ಅಂದಳು. ಛತ್ರವೆಲ್ಲ ನನ್ನ ಕಡೆ ತಿರುಗಿತು. ಮೊಮ್ಮಗಳು ತಾಳ ಹಿಡಿದುಕೊಂಡು ಹಾಗೇ ನಿಂತಿತ್ತು. ಆ ಮಗುವಿನ ಮುಖ ನೋಡಿ ಎದ್ದೆ. ಬಾಗಿಲ ತನಕ ಕೋಲು ಊರಿಕೊಂಡು ಹೋಗುವಷ್ಟರಲ್ಲಿ ಅವಳ ವಂಶವನ್ನೆಲ್ಲ ಬೈದು ಮುಗಿಸಿದ್ದೆ.

ಅಲ್ಲಿಂದ ನನಗೆ ಕಂಡಿದ್ದು ಯಾವಳೋ ಒಬ್ಬಳ ತುರುಬು, ಅದರಲ್ಲಿದ್ದ ಕನಕಾಂಬರ. ತಾಳದ ಸದ್ದು ಕೇಳಿಸಿತು.

ಮುಗಿದ ಮೇಲೆ ಮೊಮ್ಮಗಳು ಬೆವರು ಸುರಿಸಿಕೊಂಡು ಓಡಿಬಂತು. "ಅವ್ವಾ, ನೋಡ್ದಾ?"

"ನೋಡ್ದೆ ಕಣಮ್ಮಿ. ಚೆಂದಾಗಿತ್ತು" ಅಂದೆ.

ಜನ ಎಲ್ಲ ಹೋದರು. ಓರಗಿತ್ತಿ ಕುರ್ಚಿ ಜೋಡಿಸುತ್ತಿದ್ದಳು. ನಾನು ಅಲ್ಲೇ ಕೂತು ಕೇಳಿದೆ. "ನಿಂಗೆ ನಾನೇನು ಅನ್ಯಾಯ ಮಾಡಿದ್ದೆ? ಕೊನೇಗಾಲದಲ್ಲಿ ಮೊಮ್ಮಗಳ ಮೊಕ ನೋಡಕೂ ಬುಡ್ನಿಲ್ವಲ್ಲ."

ಅವಳು ಕುರ್ಚಿ ಕೆಳಗಿಟ್ಟಳು.

"ನಿನ್ನೆ ಇಲ್ಲಿಗೆ ಒಂದು ಈರುಳ್ಳಿ ಮೂಟೆ ತರಿಸಿದ್ದೆ. ಸಂಘದ ಬೀಪಿ ಕ್ಯಾಂಪಲ್ಲಿ ನಿನ್ನ ತೂಗಿದ್ರಲ್ಲ, ಅಷ್ಟೇ ತೂಕದ್ದು. ಮುಂದಿನ ಸಾಲಿಂದ ಎಳ್ದು ನೋಡ್ದೆ. ಅರ್ಧಕ್ಕೇ ನಂಗೆ ಉಸ್ರು ಕಟ್ಕತು. ಬಾಗ್ಲು ತಾವಿಂದ ಎಳ್ದೆ, ಆಚೆಗೆ ಬಂತು."

"ನನ್ನ ಯಾಕೆ ಎಳೀಬೇಕು ನೀನು?"

"ಏನಾರ ಆದ್ರೆ ಎಲ್ರೂ ಅವರವರ ಮಕ್ಕಳ ಕೈ ಇಡ್ಕಂಡು ಓಡ್ತರೆ ಅಕ್ಕ. ನೀನು ಓಡಕಾಯ್ತದಾ? ನಿನ್ನ ಎಳಿಯಾಕೆ ಇರದು ನಾನೊಬ್ಳೆಯ."

ಅವಳು ಮತ್ತೆ ಕುರ್ಚಿ ಎತ್ತಿಕೊಂಡಳು.

"ಈಚೆಗೆ ಒಸಿ ದಪ್ಪ ಬೇರೆ ಆಗಿದೀಯ. ಮುದ್ದೆ ಕಮ್ಮಿ ಉಣ್ಣು" ಅಂದಳು.

ಆವತ್ತು ಮನೆಗೆ ಬಂದು ಉಣ್ಣೋಕೆ ಕೂತೆ. ಮುದ್ದೆ ಅರ್ಧಕ್ಕೇ ಕೈ ತೊಳೆದೆ.