ಬಂಡೆಯ ಮೇಲಿನ ಷಡ್ಡಕ

ನಮ್ಮ ಮನೆಯ ಟೀವಿಯಿಂದ ಧಾರಾವಾಹಿಗಳನ್ನು ಗಡೀಪಾರು ಮಾಡಿಯೇ ತೀರುತ್ತೇನೆ ಎಂದು ಈ ಬೇಸಿಗೆಯ ಆರಂಭದಲ್ಲಿ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ವಿದ್ಯಾಗಿರಿ ಬಡಾವಣೆಯಲ್ಲಿ ವಾಸ, ಕಾಲೇಜಿನಲ್ಲಿ ಕಾಮರ್ಸ್ ಪಾಠ, ಊರಲ್ಲಿ ನಾಲ್ಕು ಜನರ ನಮಸ್ಕಾರ! ಇಷ್ಟಿದ್ದೂ ಸಂಜೆಯಾದರೆ ನನ್ನ ಸ್ವಂತ ಹಾಲಿನಲ್ಲಿ, ಸೊಸೆಯ ಹಾಲಿಗೆ ವಿಷ ಬೆರೆಸುವ ಹೆಂಗಸರದೇ ಆಳ್ವಿಕೆ.

ಹೆಂಡತಿ ಸುನಂದಾ ಹೈಸ್ಕೂಲ್ ಟೀಚರ್. ಅವಳ ತಾಯಿ ಸಂಗವ್ವನವರು ಮೊಣಕಾಲು ನೋವಿನ ಔಷಧಕ್ಕೆಂದು ಗುಳೇದಗುಡ್ಡದಿಂದ ಬಂದು ನಮ್ಮಲ್ಲೇ ಇದ್ದರು. ಅತ್ತೆ ಬಂದರೆ ನನಗೆ ರಾಜಯೋಗ. ಅವರಿಗೆ ಒಬ್ಬಳೇ ಮಗಳು, ಹಾಗಾಗಿ ಒಬ್ಬನೇ ಅಳಿಯ. ಪೇಪರ್ ಹಿಡಿದು ಸೋಫಾಕ್ಕೆ ಒರಗಿದರೆ ಸಾಕು, ರೊಟ್ಟಿ ಕೈಗೆ ಬರುತ್ತಿತ್ತು, ರೊಟ್ಟಿಯ ಹಿಂದೆಯೇ ಬೆಣ್ಣೆ ಬರುತ್ತಿತ್ತು.

"ಯವ್ವಾ, ಅವರಿಗೂ ಕೈಕಾಲ ಅದಾವ. ತಾವ ಹಾಕ್ಕೊಂಡ ಉಣ್ಲಿ," ಎಂದು ಸುನಂದಾ ಸಿಡುಕಿದರೆ, "ಸುಮ್ನಿರ! ಅಳಿಯ ಅಂದ್ರ ಮನಿ ದೇವರಿದ್ಹಂಗ," ಎಂದು ಅತ್ತೆ ಅವಳ ಬಾಯಿ ಮುಚ್ಚಿಸುತ್ತಿದ್ದರು. ಇಂಥ ಸಿಂಹಾಸನವನ್ನು ಕೈಯಾರೆ ಕಳೆದುಕೊಂಡ ಮಹಾಪುರುಷ ನಾನು!

ಬಾದಾಮಿಯ ಕೆಂಪು ಬಂಡೆಯೊಂದರ ಬಿರುಕಿನಲ್ಲಿ ಶಾಹೀನ್ ಎಂಬ ಬೇಟೆಹಕ್ಕಿಯ ಜೋಡಿ ತತ್ತಿ ಇಟ್ಟಿದೆ, ಹಕ್ಕಿ ನೋಡುವ ಹವ್ಯಾಸಿಗಳು ಅಲ್ಲೊಂದು ಕ್ಯಾಮೆರಾ ಕೂರಿಸಿ ಹಗಲೆಲ್ಲ ನೇರಪ್ರಸಾರ ಮಾಡುತ್ತಿದ್ದಾರೆ ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದರು. ನನಗೆ ಅಸ್ತ್ರ ಸಿಕ್ಕಿತು! ಅಂದೇ ಅದನ್ನು ಮನೆಯ ಟೀವಿಗೆ ಜೋಡಿಸಿ, ರಿಮೋಟನ್ನು ಎತ್ತಿ ಹಿಡಿದು ಭಾಷಣ ಶುರುಮಾಡಿದೆ.

"ನೋಡ್ರಿ ಅತ್ತಿಯವರ, ಇದು ನಿಸರ್ಗ. ಇದು ವಿಜ್ಞಾನ. ಇದರ ಹೆಸರು ಶಾಹೀನ!"

"ಗಿಡಗ ಅನ್ರಿ," ಎಂದರು ಅತ್ತೆ. ಆಮೇಲೆ ಕನ್ನಡಕ ಏರಿಸಿಕೊಂಡು ಮುಂದೆ ಬಾಗಿದರು. "ಎಲ್ಲೈತಿ ಅಂದ್ರಿ? ಬಾದಾಮ್ಯಾಗ? ಅಯ್ಯ, ಹಂಗಾರ ನಮ್ಮ ತವರೂರ ಮಗಳ ಆತಲ್ಲ! ಹಡ್ಯಾಕ ತವರಿಗೆ ಬಂದಾಳ ನೋಡ ಸುನಂದಾ. ಪಾಪ, ಎಂಥಾ ಬಿಸಲಾಗ ಕುಂತಾಳ!"

ನಾನು ಅಲ್ಲೇ ಎಚ್ಚೆತ್ತುಕೊಳ್ಳಬೇಕಿತ್ತು. ಹೆಣ್ಣುಗಿಡುಗ ಮಗಳಾದರೆ ಅದರ ಗಂಡ ಏನಾಗುತ್ತಾನೆ ಎಂಬ ಒಂದು ಸಾಲಿನ ಲೆಕ್ಕ ಈ ಕಾಮರ್ಸ್ ಮೇಷ್ಟರಿಗೆ ಹೊಳೆಯಲಿಲ್ಲ.

ಉತ್ತರ ಮರುದಿನವೇ ಹಾರಿಬಂತು. ಹೆಣ್ಣಿಗಿಂತ ಸಣ್ಣದಾದ ಗಂಡುಹಕ್ಕಿ ಬೇಟೆ ತಂದು ಹೆಂಡತಿಯ ಮುಂದಿಟ್ಟಿತು. ಅವಳು ತಿನ್ನಲು ಅತ್ತ ಸರಿದಳೋ ಇಲ್ಲವೋ, ತಾನೇ ಹೋಗಿ ತತ್ತಿಗಳ ಮೇಲೆ ಕೂತು ಕಾವು ಕೊಡತೊಡಗಿತು!

"ಯವ್ವಾ, ಗಂಡಸ ಕುಂತ ತತ್ತಿ ಮ್ಯಾಲೆ!" ಎಂದು ಸುನಂದಾ ಚೀರಿದಳು.

"ಅಳಿಯ ಆಳ ಸಣ್ಣ ಇದ್ರೂ ಗುಣಕ್ಕ ಬಂಗಾರ," ಎಂದರು ಅತ್ತೆ.

ಅಳಿಯ! ನನ್ನ ಕೈಯ ಪೇಪರ್ ಕೆಳಗಿಳಿಯಿತು. "ಯಾವ ಅಳಿಯಾರಿ?"

"ಅಂವ ರೀ. ಬಾದಾಮಿ ಅಳಿಯ."

"ಅದು ಹಕ್ಕಿರಿ ಅತ್ತಿಯವರ!"

"ಹಕ್ಕಿಗೇ ಇಷ್ಟ ತಿಳೀತೈತಿ ಅಂದಮ್ಯಾಲೆ..." ಎಂದು ಸುನಂದಾ ಅರ್ಧ ಮಾತು ಆಡಿ, ಉಳಿದರ್ಧವನ್ನು ನನ್ನ ಕಡೆ ನೋಡಿಯೇ ಮುಗಿಸಿದಳು.

ಹೀಗೆ ನಡುವಯಸ್ಸಿನಲ್ಲಿ ನನಗೊಬ್ಬ ಷಡ್ಡಕ ಪ್ರಾಪ್ತನಾದ. ಬೇರೆಯವರ ಷಡ್ಡಕರು ಸೈಟು ಕೊಂಡು, ಕಾರು ಕೊಂಡು ಹೊಟ್ಟೆ ಉರಿಸುತ್ತಾರೆ. ನನ್ನವನು ಪಾರಿವಾಳ ತಂದೇ ಉರಿಸಿದ!

ಧಾರಾವಾಹಿಗಳೇನೋ ತೊಲಗಿದವು. ಆದರೆ ನಮ್ಮ ಅತ್ತೆಯನ್ನು ನೀವು ನೋಡಬೇಕಿತ್ತು. ತತ್ತಿ ಹಾಕಿರುತ್ತಾರೆಂದು ಹುಟ್ಟುಹಬ್ಬದ ಕೇಕನ್ನೂ ಮುಟ್ಟದ ಅಪ್ಪಟ ಲಿಂಗಾಯತ ಹೆಣ್ಣುಮಗಳು ಟೀವಿಯ ಮುಂದೆ ಕೂತು, "ಶಿವನ, ಹುಡುಗಿ ಹಸದ ಕುಂತಾಳ. ಒಂದ ಪಾರಿವಾಳರೆ ಸಿಗಲಪಾ!" ಎಂದು ಚಡಪಡಿಸುತ್ತಿದ್ದರು. ಪಕ್ಕದ ಮನೆಯ ಮಾಬುಬಿಯೂ ದಿನಾ ಬಂದು ಜೊತೆ ಕೂಡುತ್ತಿದ್ದಳು.

"ಬಸರಿಗೆ ಎದಿ ತುಣುಕ ಛಲೋ ಸಂಗವ್ವಾರ. ಮೆತ್ತಗ ಇರ್ತೈತಿ," ಎಂದು ಅವಳು ಸಲಹೆ ಕೊಟ್ಟರೆ, "ಖರೆ ಐತವಾ. ಹಲ್ಲ ಇಲ್ಲದಾಕಿಗೆ ಮೆತ್ತಂದ ಬೇಕು," ಎಂದು ಅತ್ತೆ ಗಂಭೀರವಾಗಿ ಒಪ್ಪುತ್ತಿದ್ದರು.

ಅಷ್ಟಕ್ಕೇ ನಿಂತಿದ್ದರೆ ಸಹಿಸಬಹುದಿತ್ತು. ಒಂದು ದಿನ ಕಾಲೇಜಿನಿಂದ ಬಂದು ನೋಡುತ್ತೇನೆ, ಟೀವಿಯ ಮುಂದೆ ಮಣೆ, ಮಣೆಯ ಮೇಲೆ ಗುಳೇದಗುಡ್ಡದ ಹೊಸ ಖಣ, ಬಳೆ, ಎಲೆಅಡಿಕೆ. ಓಣಿಯ ಹೆಂಗಸರೆಲ್ಲ ಸೇರಿ ಗಿಡುಗಕ್ಕೆ ಕುಬಸ, ಅಂದರೆ ಸೀಮಂತ, ಮಾಡುತ್ತಿದ್ದರು! ಟೀವಿಯ ಗಾಜಿಗೆ ಅರಿಷಿಣ ಕುಂಕುಮ ಹಚ್ಚಿಯಾಗಿತ್ತು. ನಾನು ಬಟ್ಟೆ ತಂದು ಒರೆಸಲು ಹೋದರೆ, "ಮುತ್ತೈದಿ ಹಣಿ ಕುಂಕುಮ ಒರಸ್ತೀರೇನ್ರಿ!" ಎಂದು ಅತ್ತೆ ಗದರಿದರು. ಅಂದಿನಿಂದ ಕ್ರಿಕೆಟ್ಟನ್ನೂ ನಾನು ಕುಂಕುಮದ ಸಂದಿಯಲ್ಲೇ ನೋಡುತ್ತಿದ್ದೇನೆ.

ನನ್ನ ಬೆಣ್ಣೆ ಮೊದಲು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು. ಒಂದು ಸಂಜೆ ಸೋಫಾದಿಂದ "ರೊಟ್ಟಿ" ಎಂದು ಕೂಗಿದೆ. "ಅಡಗಿ ಮನ್ಯಾಗ ಅದಾವ ನೋಡ್ರಿ, ತಗೋರಿ," ಎಂದು ಉತ್ತರ ಬಂತು. ಸುನಂದಾ ಅಂದಿದ್ದರೆ ಮಾಮೂಲಿ. ಅಂದವರು ಅತ್ತೆ! ನನಗೆ ನಿಜಕ್ಕೂ ಸಂಕಟವಾಯಿತು. ಹಕ್ಕಿಯೊಂದರ ಮೇಲೆ ಹೊಟ್ಟೆಕಿಚ್ಚು ಪಡುತ್ತಿದ್ದೇನೆಂದು ಯಾರ ಮುಂದೆ ಹೇಳಿಕೊಳ್ಳಲಿ?

ತತ್ತಿ ಒಡೆದು ಹತ್ತಿಯ ಉಂಡೆಯಂಥ ಮರಿಗಳು ಹೊರಬಂದವು. ಕೂಡಲೇ ತೊಟ್ಟಿಲ ಕಾರ್ಯಕ್ಕೆ ಭಾನುವಾರ ನಿಗದಿಯಾಯಿತು. ಗೋಧಿ ಹುಗ್ಗಿ ಕುದಿಯಿತು. ಹಾಲಿನ ತುಂಬ ಇಳಕಲ್ ಸೀರೆಗಳು. ನಾನು ಮೊಬೈಲ್ ತೆಗೆದು ನೋಡಿದರೆ ಪ್ರಸಾರವೇ ಇಲ್ಲ! ಬಾದಾಮಿಯ ಮಂಗಗಳು ಕ್ಯಾಮೆರಾದ ವೈರು ಕಿತ್ತಿದ್ದವು! ನಾಳೆ ಸರಿಪಡಿಸುತ್ತೇವೆ ಎಂದು ಹವ್ಯಾಸಿಗಳು ಪ್ರಕಟಿಸಿದ್ದರು.

"ಹಚ್ರಿ ಲಗೂನ! ಮುಹೂರ್ತ ಮೀರತೈತಿ," ಎಂದು ಅತ್ತೆ ಅವಸರಿಸಿದರು.

ಅಷ್ಟು ಜನರ ಮುಂದೆ ಮಾನ ಹೋಗುತ್ತದಲ್ಲ! ಗಡಿಬಿಡಿಯಲ್ಲಿ ಹುಡುಕಾಡಿದೆ. ಅದೇ ಗೂಡಿನ ಕಳೆದ ವರ್ಷದ ವಿಡಿಯೋ ಸಿಕ್ಕಿತು. ಮರಿಗಳೆಲ್ಲ ನೋಡಲು ಒಂದೇ, ಯಾರಿಗೆ ಗೊತ್ತಾಗುತ್ತದೆ? ಹಚ್ಚಿಯೇಬಿಟ್ಟೆ. ಜೋಗುಳ ಶುರುವಾಯಿತು. ನಾನು ಹಣೆಯ ಬೆವರು ಒರೆಸಿಕೊಂಡೆ.

ಅತ್ತೆಯ ಹಾಡು ನಡುವೆಯೇ ನಿಂತಿತು.

"ತಡೀರಿ. ಇಂವ ಯಾಂವ? ನಮ್ಮ ಅಳಿಯನ ಎದಿ ಮ್ಯಾಲೆ ಕರಿ ಗೆರಿ ಅದಾವ. ಇವಗ ಇಲ್ಲ!"

"ಅಯ್ಯಯ್ಯ! ಪರಗಂಡಸು ಬಾಣಂತಿ ಕೋಣ್ಯಾಗ ಹೊಕ್ಕಾನ್ರೆವಾ!" ಎಂದು ಮಾಬುಬಿ ಎದ್ದು ನಿಂತಳು. ಹಾಲಿನಲ್ಲಿ ಹಾಹಾಕಾರ! ಕ್ಯಾಮೆರಾದ ಹವ್ಯಾಸಿಗಳಿಗೆ ಫೋನ್ ಹಚ್ಚಿ ಅಂದರು, ಕೆಲವರು ಪೊಲೀಸರಿಗೂ ಅಂದರು. ಬೇರೆ ದಾರಿ ಕಾಣದೆ ನಾನು ಬಾಯಿಬಿಟ್ಟೆ.

"ಇದು ಹೋದ ವರ್ಷದ್ದರಿ. ಇವತ್ತಿಂದು ಬರವಲ್ಲದು. ಮಂಗ್ಯಾ ವೈರ ಹರದಾವ."

ಸುನಂದಾಳ ಕಣ್ಣು ಕೆಂಪಾದವು. ಅಷ್ಟರಲ್ಲಿ ವಿಡಿಯೋದ ಕೆಳಗೆ ಹವ್ಯಾಸಿಗಳು ಮೊನ್ನೆ ಸೇರಿಸಿದ್ದ ಒಕ್ಕಣೆ ನನ್ನ ಕಣ್ಣಿಗೆ ಬಿತ್ತು. ಹೆಣ್ಣು ಅದೇ, ಈ ವರ್ಷ ಗಂಡು ಮಾತ್ರ ಹೊಸದು! ಆಹಾ! ಷಡ್ಡಕನ ಕಥೆ ಮುಗಿಸಲು ಇದಕ್ಕಿಂತ ಒಳ್ಳೆಯ ಗಳಿಗೆ ಇನ್ನೆಲ್ಲಿ? ಎದ್ದು ನಿಂತು ಎದೆಯುಬ್ಬಿಸಿದೆ.

"ಬಂಗಾರ, ಬಂಗಾರ ಅಂತಿದ್ರಲ್ಲ ಅತ್ತಿಯವರ, ಕೇಳ್ರಿ! ಇಂವ ಆಕಿ ಮೊದಲನೇ ಗಂಡ. ನಿಮ್ಮ ಬಾದಾಮಿ ಅಳಿಯ ಎರಡನೇದವ!"

ಎಲ್ಲರೂ ಟೀವಿಯತ್ತ ತಿರುಗಿದರು. ಕಳೆದ ವರ್ಷದ ಗಂಡ ಬಂಡೆಯ ನೆರಳಿನಲ್ಲಿ ಆರಾಮಾಗಿ ಕೂತು ರೆಕ್ಕೆ ತೀಡಿಕೊಳ್ಳುತ್ತಿದ್ದ. ಒಂದು ಕಾಲು ಚಾಚಿ ಕಣ್ಣು ಮುಚ್ಚಿದ. ಹೆಂಡತಿ ಏದುಸಿರು ಬಿಡುತ್ತ ತಾನೇ ಬೇಟೆ ತಂದಳು. ಮರಿಗಳಿಗೆ ತಾನೇ ಉಣಿಸತೊಡಗಿದಳು. ಅವನು ಮೆಲ್ಲಗೆ ಎದ್ದು ಬಂದು ಒಳ್ಳೆಯದೊಂದು ತುಂಡು ಕಸಿದುಕೊಂಡು, ಮತ್ತೆ ಹೋಗಿ ನೆರಳಿಗೆ ಕೂತ.

"ಇಂವ ದಿನಾ ಹಿಂಗ ಕೂಡತಿದ್ನೇನು?" ಎಂದರು ಅತ್ತೆ.

"ಗಂಡಸರು ಅಂದಮ್ಯಾಲೆ ದಣಿವ ಇರ್ತೈತ್ರಿ..." ಎಂದೆ. ನನ್ನ ಧ್ವನಿ ನನಗೇ ಸಣ್ಣಗೆ ಕೇಳಿತು.

ಅತ್ತೆ ಮಗಳ ತಲೆ ಸವರಿ, "ಇಷ್ಟ ದಿನ ನಮಗ ಇದು ಗೊತ್ತಿದ್ದಿಲ್ಲ ನೋಡ ಸುನಂದಾ," ಎಂದರು, "ಹಿಂಗೂ ಬದಲಿ ಮಾಡ್ಕೋಬಹುದು."

ಸುನಂದಾ ಎಕ್ಸ್‌ಚೇಂಜ್ ಆಫರಿಗೆ ಹಳೆಯ ಫ್ರಿಜ್ ಕೊಡುವವರು ನೋಡುವ ಹಾಗೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ಒಮ್ಮೆ ನೋಡಿದಳು.

"ಹುಗ್ಗಿ ಯಾರಿಗೆ ಮೊದಲ ನೀಡ್ಲಿರಿ?" ಎಂದು ಕೇಳುತ್ತ ನಾನು ಸೌಟು ಹಿಡಿದೆ.