ಸಕ್ಕರೆ ಗೋಂದಿನ ಸೂರ್ಯ

ಸರ್... ಸರ್... ಬೀದಿ ಗುಡಿಸುವ ಪೊರಕೆಯ ಸದ್ದು ಕೇಳಿದರೆ ಸಾಕು, ನಮ್ಮ ಮನೆಯವರು ಚಪ್ಪಲಿ ಕೂಡ ಮೆಟ್ಟದೆ ಓಡುತ್ತಾರೆ. ಊರಿಗೆ ಕಸವಾದದ್ದು ಇವರಿಗೆ ಕಚ್ಚಾ ಸಾಮಗ್ರಿ! ಉದುರಿದ ಎಲೆ, ಬೀಜ, ತೊಗಟೆ, ಹುಲ್ಲು ಇಷ್ಟರಲ್ಲೇ ಕಲಾಕೃತಿ ಮಾಡುವ ಕಲಾವಿದರು ಇವರು. ನಾನು ಫೋಟೊಗ್ರಾಫರ್. ಜನರ ಗದ್ದ ಎತ್ತಿಸಿ, ಕತ್ತು ನೆಟ್ಟಗೆ ಮಾಡಿಸಿ ಪಾಸ್‌ಪೋರ್ಟ್ ಫೋಟೊ ತೆಗೆದದ್ದು ಸಾಕು, ಇನ್ನು ಗಂಡ ಹೆಂಡತಿ ಕೂಡಿ ಕಲಾಲೋಕವನ್ನೇ ನಡುಗಿಸೋಣ ಎಂದು ಒಂದು ಬೆಳಿಗ್ಗೆ ನಾನೇ ಘೋಷಿಸಿದೆ. ಊರಿನ ಗ್ಯಾಲರಿಯಲ್ಲಿ ಒಂದು ಗೋಡೆ ಖಾಲಿಯಿತ್ತು. ಅಂದು ಸಂಜೆಯೊಳಗೆ ಒಂದೇ ಒಂದು ಫೋಟೊ ಕಳಿಸಬೇಕು. ಮೆಚ್ಚಿದರೆ ಗೋಡೆ ನಮ್ಮದು.

ಕೃತಿಗಿಂತ ಮೊದಲು ಜಗಳ ಸಿದ್ಧವಾಯಿತು.

“ಗೋಡೆಗೆ ಹಾಕೋ ಹೆಸರಿನ ಕಾರ್ಡಿನಲ್ಲಿ ನನ್ನ ಹೆಸರು ಮೊದಲು. ಮಾಡೋನು ನಾನು,” ಎಂದರು.

“ನಾಳೆ ನಿಮ್ಮ ಎಲೆ ಮುದುಡಿ ಹೋಗುತ್ತೆ ರೀ. ಉಳಿಯೋದು ನನ್ನ ಫೋಟೊ. ನನ್ನದೇ ಮೊದಲು.”

“ಎಲೇನೇ ಇಲ್ಲದಿದ್ರೆ ಯಾವುದರ ಫೋಟೊ ತೆಗೀತಿದ್ದೆ? ನೆಲದ್ದಾ?”

ಒಳಗಿನಿಂದ ಅತ್ತೆ, “ನೆಲದ್ದೇ ತೆಗಿಯಮ್ಮ. ಈ ಮನೇಲಿ ನೆಲ ಕಂಡು ಎಷ್ಟು ದಿನ ಆಯ್ತೋ!” ಎಂದರು.

ನಡುಮನೆಯಲ್ಲಿ ಸೂರ್ಯ ಹುಟ್ಟಿದ. ಸುತ್ತ ಹಳದಿ ಎಲೆಗಳ ಕಿರಣ, ನಡುವೆ ಹುಲ್ಲಿನ ಸಣ್ಣ ಬೀಜಗಳ ಸುರುಳಿ. ಗಾಳಿಗೆ ಹಾರಬಾರದಲ್ಲ ಎಂದು ಗೋಂದಿನ ಬಾಟಲಿ ತಂದುಕೊಟ್ಟೆ.

“ಅಂಗಡಿ ಗೋಂದಾ? ನನ್ನ ಕೃತಿಗಾ? ಪ್ರಕೃತಿಗೆ ದ್ರೋಹ ಕಣೇ!” ಎಂದು ಗುಡುಗಿ, ಹಿಟ್ಟಿಗೆ ಸಕ್ಕರೆ ಪಾಕ ಬೆರೆಸಿ ತಾವೇ ಅಂಟು ಕುದಿಸಿದರು. ಒಂದೊಂದೇ ಬೀಜವನ್ನು ಅದರಲ್ಲಿ ಅದ್ದಿ, ಉಸಿರು ಬಿಗಿಹಿಡಿದು ಕೂರಿಸಿದರು. ಆ ಬೆರಳುಗಳ ತಾಳ್ಮೆ ನೋಡುತ್ತ, ಇವರ ಹೆಸರೇ ಮೊದಲಿರಲಿ ಬಿಡು ಅನ್ನಿಸಿತು.

“ಆಯ್ತು, ತೆಗಿ.”

“ಈ ಬೆಳಕಲ್ಲಾ? ಬಿಸಿಲು ಕಿಟಕಿಯಿಂದ ಓರೆಯಾಗಿ ಬೀಳಬೇಕು. ಸಂಜೆವರೆಗೂ ಕಾಯ್ತೀನಿ.”

“ಅಷ್ಟರಲ್ಲಿ ನನ್ನ ಎಲೆಗಳಿಗೆ ಮುಪ್ಪು ಬರುತ್ತೆ!”

“ಫೋಟೊ ತೆಗೆಯೋದು ಅಂದ್ರೆ ಗುಂಡಿ ಒತ್ತೋದಲ್ಲ ರೀ, ಕಾಯೋದು!”

ಇವರು ಮುಖ ಊದಿಸಿಕೊಂಡು ಒಳಗೆ ಹೋಗಿ ಮಲಗಿದರು. ನಾನು ಕ್ಯಾಮೆರಾ ತಬ್ಬಿಕೊಂಡು ಕುರ್ಚಿಯ ಮೇಲೆ ಮಹಾತಪಸ್ವಿನಿಯಂತೆ ಕೂತೆ. ತಪಸ್ಸು ಯಾವಾಗ ಗೊರಕೆಗೆ ತಿರುಗಿತೋ ತಿಳಿಯಲಿಲ್ಲ.

“ಅಯ್ಯೋ! ನನ್ನ ಸೂರ್ಯ!”

ಬೆಚ್ಚಿ ಎದ್ದೆ. ಕಿಟಕಿಯಿಂದ ಜೇನಿನ ಬಣ್ಣದ ಬಿಸಿಲು ಇಳಿದಿತ್ತು. ನಾನು ಕಾದದ್ದು ಅದೇ ಬೆಳಕಿಗೆ. ಆದರೆ ಸುರುಳಿ ಇದ್ದಲ್ಲಿ ಇರಲಿಲ್ಲ, ನಡೆದುಕೊಂಡು ಹೋಗುತ್ತಿತ್ತು! ಸಾವಿರಾರು ಇರುವೆಗಳು ತಲೆಗೊಂದು ಸಿಹಿ ಬೀಜ ಹೊತ್ತು, ಸೂರ್ಯನ ಎದೆಯಿಂದ ಹೊಸ್ತಿಲವರೆಗೂ ಸಾಲುಗಟ್ಟಿದ್ದವು.

“ನೀನು ಕಾದಿದ್ದಕ್ಕೇ ಹೀಗಾಯ್ತು!”

“ನೀವು ಪಾಕ ಕುದಿಸಿದ್ದಕ್ಕೆ!”

“ಬೆಳಕಂತೆ ಬೆಳಕು!”

“ಪ್ರಕೃತಿ ಬೇಕು ಅಂದ್ರಲ್ಲ, ಸಂಸಾರ ಸಮೇತ ಬಂದಿದೆ ನೋಡಿ!”

ಅತ್ತೆ ಪೊರಕೆ ಹಿಡಿದು ಬಾಗಿಲಲ್ಲಿ ನಿಂತರು. “ಇಬ್ಬರದೂ ಮುಗೀತಾ? ಗುಡಿಸಲಾ?”

ಪೊರಕೆ ಕಂಡ ಗಾಬರಿಗೆ ಬೆರಳು ಗುಂಡಿ ಒತ್ತಿಬಿಟ್ಟಿತು. ಕಳಿಸಲು ಬೇರೇನೂ ಇರಲಿಲ್ಲ, ಅದನ್ನೇ ಕಳಿಸಿದೆ. ರಾತ್ರಿ ಇಬ್ಬರೂ ಬೆನ್ನು ತಿರುಗಿಸಿ ಮಲಗಿದೆವು.

ಬೆಳಿಗ್ಗೆ ಗ್ಯಾಲರಿಯ ಮೇಡಂ ಫೋನ್ ಮಾಡಿದರು. ಇವರೂ ಹತ್ತಿರ ಸರಿದು ಕಿವಿಗೊಟ್ಟರು.

“ಗೋಡೆ ನಿಮ್ಮದೇ! ಎಲೆಗಳೂ ಪರವಾಗಿಲ್ಲ, ಬೆಳಕೂ ಪರವಾಗಿಲ್ಲ. ಆದರೆ ಆ ಇರುವೆಗಳು! ಅಬ್ಬಾ, ಏನು ರೇಖೆ, ಏನು ಶಿಸ್ತು! ಕಾರ್ಡಿನಲ್ಲಿ ಅವುಗಳ ಹೆಸರೇ ಮೊದಲು ಹಾಕಿಸಿದ್ದೀವಿ. ನಿಮ್ಮಿಬ್ಬರದು ಕೆಳಗೆ, ಸಹಾಯ ಅಂತ.”

ಇವರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ನೆಲ ಫಳಫಳ ಹೊಳೆಯುತ್ತಿತ್ತು!

“ಒಂದೇ ಕೋರಿಕೆ,” ಎಂದರು ಮೇಡಂ. “ಉದ್ಘಾಟನೆ ದಿನ ಅವು ಜನರೆದುರು ಇದನ್ನೇ ಮಾಡಿ ತೋರಿಸಬೇಕು. ಅವೇ ಇರುವೆಗಳು! ಇಲ್ಲದಿದ್ರೆ ಗೋಡೆ ಬೇರೆಯವರಿಗೆ. ಕರ್ಕೊಂಡು ಬರ್ತೀರಲ್ಲ?”

“ಇರುವೆಗಳಾ?” ಎಂದರು ಅತ್ತೆ. “ಆಗಲೇ ಗುಡಿಸಿ ಬೀದಿಗೆ ಹಾಕಿದೆನಲ್ಲ!”

ಹೊರಗೆ ಸರ್... ಸರ್... ಇವರು ಸಕ್ಕರೆ ಡಬ್ಬಿ ಎತ್ತಿಕೊಂಡು ಬರಿಗಾಲಲ್ಲಿ ಓಡಿದ್ದಾರೆ. ಇದು ಒಬ್ಬರ ಕೈಯಲ್ಲಿ ಆಗುವ ಕೆಲಸವಲ್ಲ, ನನ್ನ ಚಪ್ಪಲಿ ಎಲ್ಲಿ, ಹಾಳಾಗಲಿ ಬಿಡಿ... ರೀ, ನಿಲ್ಲಿ! ಆ ಕಡೆ ಅಲ್ಲ, ಚರಂಡಿ ಪಕ್ಕ ಹೋಗ್ತಿದೆ ಸಾಲು! ಡಬ್ಬಿ ಇಲ್ಲಿ ಕೊಡಿ, ಅವಕ್ಕೆ ನಾನೇ ಕೈಮುಗಿದು ಒಂದು ಮಾತು ಹೇಳ್ತೀನಿ!